ಇನ್ಶೂರೆನ್ಸ್ ಕಂಪನಿಗೆ ಫ್ರೀ ಕ್ಯಾಶ್ ಫ್ಲೋ ಲೆಕ್ಕ ಯಾಕೆ ಕೂಡಿಬರಲ್ಲ

ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ: "ಸರ್, ನಾನು ಯಾವ ಷೇರು ತಗೊಳ್ಳೋ ಮುಂಚೆನೂ ಫ್ರೀ ಕ್ಯಾಶ್ ಫ್ಲೋ ನೋಡ್ತೀನಿ. ಈಗ ಒಂದು ಜನರಲ್ ಇನ್ಶೂರೆನ್ಸ್ ಕಂಪನಿ ನೋಡಿದ್ರೆ ಅದರ ಫ್ರೀ ಕ್ಯಾಶ್ ಫ್ಲೋ ಲಾಭಕ್ಕಿಂತಲೂ ಜಾಸ್ತಿ ಇದೆ. ಇನ್ನೊಂದು ಹಳೇ ಕಂಪನೀದು ವರ್ಷ ವರ್ಷನೂ ಮೈನಸ್. ಹಂಗಾದ್ರೆ ಮೊದಲನೇದು ಗಟ್ಟಿ, ಎರಡನೇದು ಮುಳುಗ್ತಿದೆ ಅಂತ ಅರ್ಥಾನಾ? ಅಪ್ಪನ ಹೆಲ್ತ್ ಪಾಲಿಸಿ ಬೇರೆ ಆ ಎರಡನೇ ಕಂಪನೀಲೇ ಇದೆ, ಅದಕ್ಕೇ ಕೇಳ್ತಿದೀನಿ."

ಉತ್ತರ:

ನೇರವಾಗಿ ಹೇಳ್ಬಿಡ್ತೀನಿ, ಆ ಎರಡು ನಂಬರ್ ಇಟ್ಕೊಂಡು ಎರಡು ಕಂಪನಿ ಬಗ್ಗೆನೂ ಏನೂ ಹೇಳಕ್ಕಾಗಲ್ಲ. ನೀವು ಆ ನಂಬರ್ ನೋಡಿದ ಕಡೆ ಲೆಕ್ಕ ತಪ್ಪು ಮಾಡಿಲ್ಲ, ಆಪರೇಟಿಂಗ್ ಕ್ಯಾಶ್ ಫ್ಲೋದಲ್ಲಿ, ಅಂದ್ರೆ ದಿನನಿತ್ಯದ ವ್ಯಾಪಾರದಿಂದ ಕೈಗೆ ಬಂದ ದುಡ್ಡಲ್ಲಿ, ಕ್ಯಾಪೆಕ್ಸ್, ಅಂದ್ರೆ ಯಂತ್ರ ಕಟ್ಟಡಕ್ಕೆ ಹಾಕಿದ ಖರ್ಚು ಕಳೆದು ಉಳಿದಿದ್ದನ್ನ ತೋರಿಸಿದ್ದಾರೆ ಅಷ್ಟೇ. ಸಿಮೆಂಟ್ ಫ್ಯಾಕ್ಟರಿಗೋ ಬಿಸ್ಕೆಟ್ ಕಂಪನಿಗೋ ಅದು ಒಳ್ಳೇ ಲೆಕ್ಕ, ಯಾಕಂದ್ರೆ ಅಲ್ಲಿ ಮೊದಲು ಖರ್ಚು ಆಗತ್ತೆ, ಮಾಲು ಹೋಗತ್ತೆ, ಆಮೇಲೆ ದುಡ್ಡು ಬರತ್ತೆ, ಬಂದ ದುಡ್ಡು ನಿಜವಾಗ್ಲೂ ಕಂಪನೀದೇ. ಇನ್ಶೂರೆನ್ಸಲ್ಲಿ ಇದು ಪೂರ್ತಿ ಉಲ್ಟಾ, ಮೊದಲು ದುಡ್ಡು, ಖರ್ಚು ಯಾವಾಗ್ಲೋ. ಇದು ಬರೀ ವ್ಯಾಪಾರದ ಪದ್ಧತಿ ಅಲ್ಲ, ಕಾನೂನೇ ಹಂಗಿದೆ, 1938ರ ಇನ್ಶೂರೆನ್ಸ್ ಆಕ್ಟ್‌ನ 64ವಿಬಿ ಸೆಕ್ಷನ್ ಪ್ರಕಾರ ಪ್ರೀಮಿಯಂ ಮುಂಗಡವಾಗಿ ಕೈ ಸೇರದೆ ಕಂಪನಿ ರಿಸ್ಕ್ ತಗೊಳ್ಳೋ ಹಾಗೇ ಇಲ್ಲ. ಬೆಂಗಳೂರಲ್ಲಿ ಮನೆ ಓನರ್‌ಗೆ ಹತ್ತು ತಿಂಗಳ ಅಡ್ವಾನ್ಸ್ ಬಂತು ಅನ್ಕೊಳ್ಳಿ, ಆ ತಿಂಗಳು ಅವರ ಪಾಸ್‌ಬುಕ್ ನೋಡಿದ್ರೆ ಭಾರಿ ಅನುಕೂಲಸ್ಥರು, ಆದ್ರೆ ಆ ದುಡ್ಡು ಒಂದಿನ ವಾಪಸ್ ಕೊಡ್ಬೇಕಾದ್ದು. ಇನ್ಶೂರೆನ್ಸ್ ಕಂಪನಿ ಪ್ರೀಮಿಯಂ ಕೂಡ ಬಹುಪಾಲು ಅದೇ ಥರ, ಒಂದೇ ವ್ಯತ್ಯಾಸ ಅಂದ್ರೆ ಯಾರಿಗೆ, ಯಾವಾಗ, ಎಷ್ಟು ವಾಪಸ್ ಕೊಡ್ಬೇಕು ಅಂತ ಅವರಿಗೂ ಸರಿಯಾಗಿ ಗೊತ್ತಿರಲ್ಲ.

ಒಂದು ನಿಜವಾದ ಲೆಕ್ಕ ತಗೊಳ್ಳೋಣ. 2018ರ ಸೆಪ್ಟೆಂಬರ್ 1ರಿಂದ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಹೊಸ ಕಾರಿಗೆ 3 ವರ್ಷದ್ದು, ಹೊಸ ಬೈಕಿಗೆ 5 ವರ್ಷದ್ದು ಥರ್ಡ್ ಪಾರ್ಟಿ ಪ್ರೀಮಿಯಂ ಒಂದೇ ಸಲ ಕಟ್ಟಿಸ್ಕೋತಾರೆ. 2022ರ ಜೂನ್‌ನಲ್ಲಿ ಬಂದ ರೇಟ್ ಪ್ರಕಾರ 1000ದಿಂದ 1500 ಸಿಸಿ ಒಳಗಿನ ಹೊಸ ಕಾರಿಗೆ 3 ವರ್ಷಕ್ಕೆ 10,640 ರೂಪಾಯಿ, ಟ್ಯಾಕ್ಸ್ ಬೇರೆ. ನೀವು ಅಕ್ಟೋಬರ್ 1ಕ್ಕೆ ಕಾರು ತಗೊಂಡ್ರಿ ಅಂದ್ರೆ ಕಂಪನಿಯ ಕ್ಯಾಶ್ ಫ್ಲೋದಲ್ಲಿ ಆ ವರ್ಷವೇ ಪೂರ್ತಿ 10,640 ಒಳಗೆ ಬಂತು. ಆದ್ರೆ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ಮೊದಲ ವರ್ಷದ ಪಾಲು ಅಂತ 3,547 ಮಾತ್ರ ಪ್ರೀಮಿಯಂ, ಅದರಲ್ಲೂ ಆರು ತಿಂಗಳು ಮಾತ್ರ ಕಳೆದಿರೋದ್ರಿಂದ ಆದಾಯ ಅಂತ ಎಣಿಸೋದು ಅಂದಾಜು 1,773 ರೂಪಾಯಿ. ಉಳಿದ ಅರ್ಧ ಅನ್‌ಎಕ್ಸ್‌ಪೈರ್ಡ್ ರಿಸ್ಕ್ ರಿಸರ್ವ್‌ಗೆ, ಅಂದ್ರೆ ಇನ್ನೂ ಮುಗಿಯದ ಅವಧಿಗೆ ಅಂತ ಎತ್ತಿಡೋ ದುಡ್ಡಿಗೆ, ಮುಂದಿನ ಎರಡು ವರ್ಷದ 7,093 ಅಡ್ವಾನ್ಸ್ ಪ್ರೀಮಿಯಂ ಅಂತ ಸಾಲದ ಕಡೆಗೆ ಹೋಗತ್ತೆ. ಕ್ಯಾಶ್ 10,640, ಆದಾಯ 1,773! ಹೊಸ ಗಾಡಿ ಜಾಸ್ತಿ ಮಾರಾಟ ಆಗೋ ವರ್ಷ ಮೋಟಾರ್ ಇನ್ಶೂರೆನ್ಸ್ ಕಂಪನಿಯ ಫ್ರೀ ಕ್ಯಾಶ್ ಫ್ಲೋ ಉಬ್ಬತ್ತೆ, ಗಾಡಿ ಮಾರ್ಕೆಟ್ ತಣ್ಣಗಾದ್ರೆ ಅದೂ ಇಳಿಯತ್ತೆ, ಕಂಪನಿ ಒಳ್ಳೇ ರಿಸ್ಕ್ ತಗೊಳ್ತಿದೆಯೋ ಕೆಟ್ಟ ರಿಸ್ಕ್ ತಗೊಳ್ತಿದೆಯೋ ಅನ್ನೋದಕ್ಕೂ ಇದಕ್ಕೂ ಸಂಬಂಧನೇ ಇಲ್ಲ. ಹೆಚ್ಚುಕಮ್ಮಿ ಇದೇ ಕಾರಣಕ್ಕೆ ಇನ್ಶೂರೆನ್ಸ್ ಕಂಪನಿಗಳನ್ನ ನಿಯಂತ್ರಿಸೋ ಐಆರ್‌ಡಿಎಐ 2024ರ ಅಕ್ಟೋಬರ್ 1ರಿಂದ ಎರಡು ಮೂರು ವರ್ಷದ ಹೆಲ್ತ್ ಪಾಲಿಸಿಗೂ ಒನ್ ಬೈ ಎನ್ ಲೆಕ್ಕ ತಂದಿದ್ದು, ಅಂದ್ರೆ ಮೂರು ವರ್ಷದ ಪ್ರೀಮಿಯಂ ಒಟ್ಟಿಗೆ ಬಂದ್ರೂ ಆ ವರ್ಷಕ್ಕೆ ಮೂರನೇ ಒಂದು ಭಾಗ ಮಾತ್ರ ತೋರಿಸ್ಬೇಕು. ಅದಾದ ಮೇಲಿನ ಕ್ವಾರ್ಟರ್‌ಗಳ ಪ್ರೀಮಿಯಂ ಗ್ರೋತ್ ಹಿಂದಿನದಕ್ಕೆ ಹೋಲಿಸುವಾಗ ಇದನ್ನ ಮರೀಬೇಡಿ.

ಈಗ ನಿಮ್ಮ ಎರಡನೇ ಕಂಪನಿ, ಮೈನಸ್ ತೋರಿಸ್ತಿರೋದು. ಇಲ್ಲಿ ಒಂದು ವಿಚಿತ್ರ ಇದೆ, ತುಂಬ ಜನ ಗಮನಿಸಲ್ಲ. ನಮ್ಮ ದೇಶದಲ್ಲಿ ಇನ್ಶೂರೆನ್ಸ್ ಕಂಪನಿಗಳು ಕ್ಯಾಶ್ ಫ್ಲೋನ ರಿಸೀಟ್ಸ್ ಆ್ಯಂಡ್ ಪೇಮೆಂಟ್ಸ್ ಅಕೌಂಟ್ ಅಂತ ಬೇರೆ ನಮೂನೆಯಲ್ಲಿ ಕೊಡ್ತಾರೆ. ಅದರಲ್ಲಿ ಪ್ರೀಮಿಯಂ, ಕ್ಲೈಮ್, ಕಮಿಷನ್, ರೀಇನ್ಶೂರೆನ್ಸ್ (ತನ್ನ ರಿಸ್ಕಲ್ಲಿ ಒಂದು ಪಾಲನ್ನ ಇನ್ನೊಂದು ಕಂಪನಿಗೆ ದಾಟಿಸೋದು) ಎಲ್ಲಾ ಆಪರೇಟಿಂಗ್ ಭಾಗದಲ್ಲಿ ಬರತ್ತೆ, ಆದ್ರೆ ಬಾಂಡಿನ ಬಡ್ಡಿ, ಡಿವಿಡೆಂಡ್, ಬಾಡಿಗೆ ಇವು ಇನ್‌ವೆಸ್ಟಿಂಗ್ ಭಾಗದಲ್ಲಿ ಕೂತಿರತ್ತೆ. ಅಂದ್ರೆ ಕಂಪನಿಯ ಅರ್ಧ ಜೀವನ ಆಪರೇಟಿಂಗ್ ಲೆಕ್ಕಕ್ಕೆ ಬರೋದೇ ಇಲ್ಲ! ಐವತ್ತು ವರ್ಷದಿಂದ ಹೂಡಿಕೆ ಗುಡ್ಡೆ ಹಾಕ್ಕೊಂಡಿರೋ ಹಳೇ ಕಂಪನಿ ಪ್ರೀಮಿಯಂ ಕಡೆ ಒಂಚೂರು ನಷ್ಟ ಮಾಡ್ಕೊಂಡು, ಬಡ್ಡೀಲಿ ಅದನ್ನ ತುಂಬಿಸ್ಕೊಂಡು ಲಾಭ ಮಾಡಿದ್ರೂ ನಿಮ್ಮ ಫಾರ್ಮುಲಾ ಅದನ್ನ ಮೈನಸ್ ಅಂತಲೇ ತೋರಿಸತ್ತೆ. ಮೈನಸ್ ಬಂದ್ರೆ ಪರವಾಗಿಲ್ಲ ಅಂತ ನಾನು ಹೇಳ್ತಿಲ್ಲ, ಪ್ರೀಮಿಯಂ ಕಡೆ ಪ್ರತಿ ವರ್ಷ ಕ್ಯಾಶ್ ಹೊರಗೆ ಹೋಗ್ತಾ ಇದ್ರೆ ಯಾಕೆ ಅಂತ ಕೇಳ್ಲೇಬೇಕು, ಆದ್ರೆ ಉತ್ತರ ಆ ನಂಬರ್ ಒಳಗಿಲ್ಲ.

ಮೈನಸ್ ಆಗೋದಕ್ಕೆ ಇನ್ನೂ ಸಪ್ಪೆ ಕಾರಣಗಳಿರತ್ತೆ. ಬೆಳೆ ವಿಮೆ ತಗೊಳ್ಳಿ, ನಿಮ್ಮೂರ ಸುತ್ತ ಮೆಕ್ಕೆಜೋಳದ ರೈತ ಮುಂಗಾರಿಗೆ ಕಟ್ಟೋದು ಇನ್ಶೂರ್ ಆದ ಮೊತ್ತದ 2% ಮಾತ್ರ, ಮಿಕ್ಕ ಪ್ರೀಮಿಯಂ ಕೇಂದ್ರ, ರಾಜ್ಯ ಸರ್ಕಾರ ಕೊಡ್ಬೇಕು, ಅದು ಬರೋದು ತಡ ಆಯ್ತು ಅಂದ್ರೆ ಕಂಪನಿ ಪುಸ್ತಕದಲ್ಲಿ ಪ್ರೀಮಿಯಂ ಇದೆ, ಬ್ಯಾಂಕಲ್ಲಿ ದುಡ್ಡಿಲ್ಲ. ಮುಂದಿನ ವರ್ಷ ಬಾಕಿ ಬಂದಾಗ ಕ್ಯಾಶ್ ಫ್ಲೋ ಒಮ್ಮೆಲೇ ಜಿಗಿಯತ್ತೆ.

ಸರಿ, ಹಂಗಾದ್ರೆ ಏನ್ ನೋಡ್ಬೇಕು? ನನ್ನ ಕೇಳಿದ್ರೆ ಎಲ್ಲಕ್ಕಿಂತ ಮುಖ್ಯವಾದ್ದು, ನೋಡೋಕೆ ಎಲ್ಲಕ್ಕಿಂತ ಕಷ್ಟವಾದ್ದು, ರಿಸರ್ವ್. ಕ್ಲೈಮ್ ಬಂದಿದೆ ಇನ್ನೂ ಕೊಟ್ಟಿಲ್ಲ ಅನ್ನೋದಕ್ಕೆ ಒಂದು ಮೊತ್ತ ಎತ್ತಿಡ್ತಾರೆ, ಆ್ಯಕ್ಸಿಡೆಂಟ್ ಆಗಿದೆ ಆದ್ರೆ ನಮಗೆ ಇನ್ನೂ ಸುದ್ದಿನೇ ಬಂದಿಲ್ಲ ಅನ್ನೋದಕ್ಕೂ ಒಂದು ಮೊತ್ತ ಎತ್ತಿಡ್ತಾರೆ, ಈ ಎರಡನೇದನ್ನ ಐಬಿಎನ್‌ಆರ್ ಅಂತಾರೆ. ಹೆಲ್ತ್ ಇನ್ಶೂರೆನ್ಸಲ್ಲಿ ಇದು ಸುಲಭ, ಆಸ್ಪತ್ರೆ ಬಿಲ್ ಕೆಲವು ವಾರದಲ್ಲೋ ತಿಂಗಳಲ್ಲೋ ಬಂದೇ ಬರತ್ತೆ. ಮೋಟಾರ್ ಥರ್ಡ್ ಪಾರ್ಟೀಲಿ ಕಥೆನೇ ಬೇರೆ. ಬೆಂಗಳೂರಿನ ಸ್ಮಾಲ್ ಕಾಸಸ್ ಕೋರ್ಟಲ್ಲಿರೋ ಟ್ರಿಬ್ಯೂನಲ್‌ಗೆ ಕೇಸ್ ಹೋಗತ್ತೆ, ಅಲ್ಲಿಂದ ಹೈಕೋರ್ಟ್‌ಗೆ ಅಪೀಲು, ಅಷ್ಟೊತ್ತಿಗೆ ವರ್ಷಗಳೇ ಉರುಳಿರತ್ತೆ, ಪರಿಹಾರದ ಮೇಲೆ ಬಡ್ಡಿ ಬೇರೆ ಸೇರಿರತ್ತೆ, ಸಾವು ಅಥವಾ ಗಾಯದ ಕೇಸಲ್ಲಿ ಕಂಪನಿಯ ಹೊಣೆಗೆ ಮೇಲ್ಮಿತಿನೇ ಇಲ್ಲ. ಹಿಂದೆ ಕ್ಲೈಮ್ ಹಾಕೋಕೆ ಟೈಮ್ ಲಿಮಿಟ್ಟೂ ಇರ್ಲಿಲ್ಲ, 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ತಂದ ಆರು ತಿಂಗಳ ಗಡುವು ಜಾರಿಗೆ ಬಂದಿದ್ದು 2022ರ ಏಪ್ರಿಲ್ 1ರಿಂದ. ಇಷ್ಟೆಲ್ಲಾ ಅನಿಶ್ಚಿತತೆ ಮಧ್ಯೆ ಆ್ಯಕ್ಚುಯರಿ, ಅಂದ್ರೆ ರಿಸ್ಕ್ ಲೆಕ್ಕ ಹಾಕೋ ತಜ್ಞರು, ಒಂದು ಅಂದಾಜು ಹಾಕ್ತಾರೆ, ಆ ಅಂದಾಜು 5% ಕಡಿಮೆ ಹಾಕಿದ್ರೂ ಸಾಕು, ಆ ವರ್ಷದ ಲಾಭ ಚಂದ ಕಾಣತ್ತೆ. ಕ್ಯಾಶ್ ಫ್ಲೋದಲ್ಲಂತೂ ಇದು ಯಾವ ಕಡೆಯಿಂದಲೂ ಕಾಣಲ್ಲ, ಯಾಕಂದ್ರೆ ಎತ್ತಿಟ್ಟಿದ್ದು ಕಡಿಮೆ ಅಂತ ಗೊತ್ತಾಗೋದು ಕೊಡೋ ದಿನ ಬಂದಾಗ.

ಇದರಲ್ಲೇ ಒಂದು ದೊಡ್ಡ ಕಂಪನಿ ಮುಳುಗಿದೆ. ಆಸ್ಟ್ರೇಲಿಯಾದ ಎಚ್‌ಐಎಚ್ ಇನ್ಶೂರೆನ್ಸ್, ಆ ದೇಶದ ಅತಿ ದೊಡ್ಡ ಜನರಲ್ ಇನ್ಶೂರೆನ್ಸ್ ಕಂಪನಿಗಳಲ್ಲಿ ಒಂದು, 2001ರ ಮಾರ್ಚಲ್ಲಿ ಕುಸಿದು ಬಿತ್ತು. ಕೊರತೆ 530 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೂ ಹೋಗಬಹುದು ಅನ್ನೋ ಅಂದಾಜಿತ್ತು. ಸರ್ಕಾರ ರಾಯಲ್ ಕಮಿಷನ್ ಕೂರಿಸ್ತು, 2003ರಲ್ಲಿ ವರದಿ ಬಂತು, ಬೇರೆ ಹುಳುಕು ಎಷ್ಟೇ ಇದ್ರೂ ಮೂಲ ಕಾರಣ ಮುಂದೆ ಬರೋ ಕ್ಲೈಮ್‌ಗಳಿಗೆ ಸಾಕಷ್ಟು ಎತ್ತಿಡದೇ ಇದ್ದಿದ್ದು ಅಂತ. ಇಂಥ ಕಡೆ ವ್ಯಾಪಾರ ಬೆಳೀತಾ ಇರೋವರೆಗೂ ಹೊಸ ಪ್ರೀಮಿಯಂ ದುಡ್ಡಲ್ಲಿ ಹಳೇ ಕ್ಲೈಮ್ ಕೊಡ್ತಾ ಹೋಗಬಹುದು, ಕ್ಯಾಶ್ ಎಲ್ಲೂ ಕಮ್ಮಿ ಆದಹಾಗೆ ಕಾಣಲ್ಲ. ಅದಕ್ಕೇ ನಾನು ಮೋಟಾರ್ ಥರ್ಡ್ ಪಾರ್ಟೀಲಿ ಮಾರ್ಕೆಟ್‌ಗಿಂತ ತುಂಬ ಜೋರಾಗಿ ಬೆಳೀತಿರೋ ಕಂಪನಿಯ ಕ್ಯಾಶ್ ಫ್ಲೋ ಚೆನ್ನಾಗಿದೆ ಅಂದ್ರೆ ಖುಷಿಗಿಂತ ಅನುಮಾನವೇ ಜಾಸ್ತಿ ಪಡ್ತೀನಿ. ಹೊರಗಿನವರು ಇದನ್ನ ಪರೀಕ್ಷೆ ಮಾಡೋಕೆ ಇರೋ ಒಂದೇ ದಾರಿ ಅಂದ್ರೆ ವಾರ್ಷಿಕ ವರದಿಯಲ್ಲಿ ಅಥವಾ ಇನ್‌ವೆಸ್ಟರ್ ಪ್ರೆಸೆಂಟೇಷನ್‌ನಲ್ಲಿ ಕೆಲವು ಕಂಪನಿಗಳು ಕೊಡೋ ರಿಸರ್ವಿಂಗ್ ಟ್ರಯಾಂಗಲ್. ಐದು ವರ್ಷದ ಹಿಂದೆ ಇಷ್ಟು ಬೇಕಾಗಬಹುದು ಅಂದಿದ್ರು, ಈಗ ಎಷ್ಟು ಆಯ್ತು ಅಂತ ಅದು ತೋರಿಸತ್ತೆ. ಹಳೇ ಅಂದಾಜು ವರ್ಷ ವರ್ಷಕ್ಕೆ ಇಳೀತಾ ಬಂದ್ರೆ ಅವರು ಮೊದಲೇ ಜಾಸ್ತಿ ಎತ್ತಿಟ್ಟಿದ್ರು, ಒಳ್ಳೇದು. ಏರ್ತಾ ಬಂದ್ರೆ ಅಲ್ಲಿಗೆ ಬಿಟ್ಬಿಡಿ, ಬೇರೆ ಕಂಪನಿ ನೋಡಿ.

ಆಮೇಲೆ ಕಂಬೈನ್ಡ್ ರೇಷಿಯೋ, ಇದು ನಿಮಗೆ ಗೊತ್ತಿರಬಹುದು. ನೂರು ರೂಪಾಯಿ ಪ್ರೀಮಿಯಂಗೆ ಕ್ಲೈಮು, ಕಮಿಷನ್ನು, ಆಫೀಸ್ ಖರ್ಚು ಎಲ್ಲಾ ಸೇರಿ ಎಷ್ಟು ಹೋಯ್ತು ಅಂತ. ನೂರು ದಾಟಿದ್ರೆ ಇನ್ಶೂರೆನ್ಸ್ ವ್ಯಾಪಾರದಲ್ಲಿ ನಷ್ಟ. ಆದ್ರೆ ನಮ್ಮಲ್ಲಿ ಒಳ್ಳೇ ಹೆಸರಿರೋ ಕಂಪನೀನೂ ನೂರರ ಮೇಲೇ ಇರತ್ತೆ, ಐಸಿಐಸಿಐ ಲೊಂಬಾರ್ಡ್ 2023-24ರಲ್ಲಿ 103.3 ಇತ್ತು, ಆದ್ರೂ ಆ ವರ್ಷ 1,919 ಕೋಟಿ ನಿವ್ವಳ ಲಾಭ. ಹೆಂಗೆ ಅಂದ್ರೆ, ಉದಾಹರಣೆಗೆ ಹೇಳ್ತೀನಿ, ನೂರು ರೂಪಾಯಿ ಪ್ರೀಮಿಯಂ ಬರೋ ಕಂಪನಿ ಹತ್ರ ಹಿಂದಿನ ವರ್ಷಗಳಿಂದ ಉಳಿದಿದ್ದು, ಕ್ಲೈಮ್‌ಗೆ ಎತ್ತಿಟ್ಟಿದ್ದು, ಸ್ವಂತ ಬಂಡವಾಳ ಎಲ್ಲಾ ಸೇರಿ ಇನ್ನೂರು ರೂಪಾಯಿ ಹೂಡಿಕೆ ಇರತ್ತೆ, ಅದಕ್ಕೆ 7% ಬಂದ್ರೂ ಹದಿನಾಲ್ಕು ರೂಪಾಯಿ, ವ್ಯಾಪಾರದಲ್ಲಿ ಮೂರು ಹೋದ್ರೂ ಹನ್ನೊಂದು ಮಿಗತ್ತೆ. ವಾರನ್ ಬಫೆಟ್ 1967ರಲ್ಲಿ ನ್ಯಾಷನಲ್ ಇಂಡೆಮ್ನಿಟಿ ಕೊಂಡಾಗಿಂದ ಫ್ಲೋಟ್ ಫ್ಲೋಟ್ ಅಂತ ಹೇಳ್ತಾ ಬಂದಿದ್ದು ಇದನ್ನೇ, ಕ್ಲೈಮ್ ಕೊಡೋವರೆಗೂ ಕಂಪನಿ ಕೈಯಲ್ಲಿರೋ ಪಾಲಿಸಿದಾರರ ದುಡ್ಡೇ ಫ್ಲೋಟ್, ಮತ್ತೆ ಅವರು ಪ್ರತಿ ಸಲ ಸೇರಿಸೋ ಎರಡನೇ ಮಾತನ್ನ ನಮ್ಮವರು ಮರೀತಾರೆ, ಆ ಫ್ಲೋಟ್‌ಗೆ ತೆರಬೇಕಾದ ಬೆಲೆ ಅಂಡರ್‌ರೈಟಿಂಗ್ ನಷ್ಟ, ಅಂದ್ರೆ ಇನ್ಶೂರೆನ್ಸ್ ವ್ಯಾಪಾರದಲ್ಲಿ ಆಗೋ ನಷ್ಟ, ಅದು ಜಾಸ್ತಿ ಆದ್ರೆ ಫ್ಲೋಟ್ ದುಬಾರಿ ಸಾಲ ಅಷ್ಟೇ. ಫ್ಲೋಟ್ ಎಷ್ಟಿದೆ ಅನ್ನೋದೂ ವ್ಯಾಪಾರದ ಮೇಲೆ ಹೋಗತ್ತೆ. ಮೋಟಾರ್ ಥರ್ಡ್ ಪಾರ್ಟೀಲಿ ದುಡ್ಡು ವರ್ಷಗಟ್ಟಲೆ ಕೈಯಲ್ಲಿರತ್ತೆ, 105 ಇದ್ರೂ ನಡೆಯತ್ತೆ. ಹೆಲ್ತಲ್ಲಿ ಬಂದ ಕೈಯಲ್ಲೇ ಹೋಗತ್ತೆ, ಅಲ್ಲಿ 105 ಅಂದ್ರೆ ಕಷ್ಟ. ಸ್ಟಾರ್ ಹೆಲ್ತ್ ನೋಡಿ, ಕೋವಿಡ್ ಎರಡನೇ ಅಲೆ ಬಂದ 2021-22ರಲ್ಲಿ ಕಂಬೈನ್ಡ್ ರೇಷಿಯೋ ಹತ್ತಿರ ಹತ್ತಿರ 118ಕ್ಕೆ ಹೋಗಿ ಸಾವಿರ ಕೋಟಿ ಮೀರಿ ನಷ್ಟ ಆಯ್ತು, ಮರುವರ್ಷ ಕ್ಲೈಮ್ ಇಳಿದಿದ್ದೇ ಆರುನೂರು ಕೋಟಿ ಮೇಲೆ ಲಾಭ.

ಈಗ ನಿಜವಾಗ್ಲೂ ಫ್ರೀ ಅನ್ನಬಹುದಾದ ದುಡ್ಡಿನ ವಿಷಯಕ್ಕೆ ಬರೋಣ. ಅದಕ್ಕೆ ಸಾಲ್ವೆನ್ಸಿ ರೇಷಿಯೋ ಅರ್ಥ ಆಗ್ಬೇಕು. ಎಲ್ಲಾ ಸಾಲ, ಎಲ್ಲಾ ರಿಸರ್ವ್ ಕಳೆದ ಮೇಲೂ ಕಂಪನಿ ಹತ್ರ ಸ್ವಂತದ್ದು ಅಂತ ಇಷ್ಟು ಇರ್ಲೇಬೇಕು ಅಂತ ಐಆರ್‌ಡಿಎಐ ಒಂದು ಮೊತ್ತ ಲೆಕ್ಕ ಹಾಕತ್ತೆ. ಜನರಲ್ ಇನ್ಶೂರೆನ್ಸಲ್ಲಿ ಒರಟಾಗಿ ಹೇಳೋದಾದ್ರೆ ಪ್ರೀಮಿಯಂನ 20% ಅಥವಾ ಕ್ಲೈಮಿನ 30%, ಯಾವುದು ಜಾಸ್ತಿನೋ ಅದು, ರೀಇನ್ಶೂರೆನ್ಸ್ ಹೊಂದಾಣಿಕೆ ಬೇರೆ ಇದೆ. ಆ ಮೊತ್ತದ ಒಂದೂವರೆ ಪಟ್ಟು, ಅಂದ್ರೆ 1.5, ಕನಿಷ್ಠ ಇರ್ಬೇಕು. ಈಗ ಲೆಕ್ಕ ಹಾಕಿ ನೋಡಿ. ಒಂದು ಕಂಪನಿ ಪ್ರೀಮಿಯಂ 1,000 ಕೋಟಿಯಿಂದ 1,400 ಕೋಟಿಗೆ ಬೆಳೀತು. ಬೇಕಾದ ಮೊತ್ತ 200ರಿಂದ 280 ಕೋಟಿಗೆ ಹೋಯ್ತು, ಅದರ ಒಂದೂವರೆ ಪಟ್ಟು ಅಂದ್ರೆ 300 ಇದ್ದಿದ್ದು 420 ಆಯ್ತು, ಬರೀ ನಿಂತ ಜಾಗದಲ್ಲಿ ನಿಲ್ಲೋಕೆ 120 ಕೋಟಿ ಹೊಸ ಬಂಡವಾಳ ಬೇಕು. ಆ ವರ್ಷ ಲಾಭ 80 ಕೋಟಿ ಅನ್ಕೊಳ್ಳಿ. ಕ್ಯಾಶ್ ಫ್ಲೋ ನೋಡಿದ್ರೆ ಪ್ರೀಮಿಯಂ ಸುರೀತಿದೆ, ಕ್ಲೈಮ್ ಇನ್ನೂ ಬಂದಿಲ್ಲ, ನೂರಿನ್ನೂರು ಕೋಟಿ ಪ್ಲಸ್. ಷೇರುದಾರನ ಲೆಕ್ಕದಲ್ಲಿ 40 ಕೋಟಿ ಮೈನಸ್. ಒಂದೋ ಮಾಲೀಕರು ದುಡ್ಡು ಹಾಕ್ಬೇಕು, ಇಲ್ಲಾ ಹೊಸ ಷೇರು ಮಾರ್ಬೇಕು, ಇಲ್ಲಾ ಸಬಾರ್ಡಿನೇಟೆಡ್ ಬಾಂಡ್ (ಕಂಪನಿ ಮುಳುಗಿದ್ರೆ ಬೇರೆ ಸಾಲಗಳೆಲ್ಲ ತೀರಿದ ಮೇಲೆ ವಾಪಸ್ ಸಿಗೋ ಸಾಲ) ತರ್ಬೇಕು, ಇಲ್ಲಾ ರಿಸ್ಕನ್ನ ರೀಇನ್ಶೂರೆನ್ಸ್‌ಗೆ ಕೊಟ್ಟು ಬೆಳವಣಿಗೆ ಬೇರೆಯವರ ಜೊತೆ ಹಂಚ್ಕೋಬೇಕು. ಹಂಗಾಗಿ ಇನ್ಶೂರೆನ್ಸ್ ಕಂಪನಿಗೆ ಫ್ರೀ ಕ್ಯಾಶ್ ಫ್ಲೋ ಅಂತ ಏನಾದ್ರೂ ಲೆಕ್ಕ ಹಾಕ್ಲೇಬೇಕು ಅಂದ್ರೆ ನೀವು ಹಾಕ್ಬೇಕಾದ್ದು ಇದು: ವರ್ಷದ ಲಾಭದಲ್ಲಿ ಸಾಲ್ವೆನ್ಸಿ ಕಾಪಾಡೋಕೆ ಬೇಕಾದ ಹೆಚ್ಚುವರಿ ಬಂಡವಾಳ ಕಳೀರಿ. ಕನಿಷ್ಠ 1.5 ಅಂತ ಅಲ್ಲೇ ನಿಲ್ಲೋ ಕಂಪನಿ ಹುಷಾರಿ ಕಂಪನಿ ಅಲ್ಲ, ಒಂದು ಕೆಟ್ಟ ಪ್ರವಾಹ ಸಾಕು ಕೆಳಗೆ ಬೀಳೋಕೆ, ನಾನಾದ್ರೆ 1.8 ಅಥವಾ 2 ಇಟ್ಕೊಂಡು ಲೆಕ್ಕ ಹಾಕ್ತೀನಿ. ಐಸಿಐಸಿಐ ಲೊಂಬಾರ್ಡ್ ಆಗಲೇ ಹೇಳಿದ ವರ್ಷದ ಕೊನೆಗೆ 2.62 ಇತ್ತು, ಅಂಥ ಕಡೆ ಡಿವಿಡೆಂಡ್ ನೆಮ್ಮದಿಯಿಂದ ಬರತ್ತೆ.

ಲೈಫ್ ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಎರಡು ಮಾತು. ಅಲ್ಲಿ ಇನ್ನೂ ತಿರುವುಮುರುವು, ಹೊಸ ಪಾಲಿಸಿ ಮಾರಿದ ವರ್ಷ ಕ್ಯಾಶ್ ಬರತ್ತೆ ಆದ್ರೆ ಕಮಿಷನ್ನೂ ರಿಸರ್ವೂ ಸೇರಿ ಲೆಕ್ಕದಲ್ಲಿ ನಷ್ಟ, ಲಾಭ ಹತ್ತಿಪ್ಪತ್ತು ವರ್ಷದಲ್ಲಿ ನಿಧಾನಕ್ಕೆ. ಅದಕ್ಕೇ ಅಲ್ಲಿ ಎಂಬೆಡೆಡ್ ವ್ಯಾಲ್ಯೂ ನೋಡ್ತಾರೆ, ಅಂದ್ರೆ ಕಂಪನಿಯ ಸ್ವಂತ ದುಡ್ಡು ಮತ್ತೆ ಈಗಾಗಲೇ ಮಾರಿದ ಪಾಲಿಸಿಗಳಿಂದ ಮುಂದೆ ಬರೋ ಲಾಭದ ಇವತ್ತಿನ ಬೆಲೆ ಸೇರಿಸಿದ ಅಂದಾಜು, ಜನ ಎಷ್ಟು ವರ್ಷ ಪಾಲಿಸಿ ಬಿಡದೆ ಕಟ್ತಾರೆ ಅನ್ನೋ ಪರ್ಸಿಸ್ಟೆನ್ಸಿ ನೋಡ್ತಾರೆ. ಆ ಎಂಬೆಡೆಡ್ ವ್ಯಾಲ್ಯೂನ ಕೂಡ ದೇವರ ವಾಕ್ಯ ಅನ್ಕೋಬೇಡಿ, ಎಲ್‌ಐಸಿದು 2021ರ ಮಾರ್ಚಲ್ಲಿ 95,605 ಕೋಟಿ ಇದ್ದಿದ್ದು ಅದೇ ಸೆಪ್ಟೆಂಬರ್‌ಗೆ 5,39,686 ಕೋಟಿ ಆಯ್ತು. ಆರು ತಿಂಗಳಲ್ಲಿ ವ್ಯಾಪಾರ ಐದು ಪಟ್ಟು ಬೆಳೀಲಿಲ್ಲ, ಒಂದೇ ಆಗಿದ್ದ ಫಂಡನ್ನ ಎರಡು ಮಾಡಿ ಷೇರುದಾರರ ಪಾಲಿನ ನಿಯಮ ಬದಲಾಯಿಸಿದ್ರು ಅಷ್ಟೇ.

ಹೂಡಿಕೆ ಎಲ್ಲಿದೆ ಅಂತಲೂ ಒಂದ್ಸಲ ಕಣ್ಣಾಡಿಸಿ. 2018ರಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಅನ್ನೋ ಫೈನಾನ್ಸ್ ಕಂಪನಿ ಸಾಲ ತೀರಿಸಲಾಗದೆ ಕೈ ಎತ್ತಿದಾಗ, ಆಮೇಲೆ ಹೌಸಿಂಗ್ ಫೈನಾನ್ಸ್ ಕಂಪನಿ ಡಿಎಚ್‌ಎಫ್‌ಎಲ್ ಸರದಿ ಬಂದಾಗ, ಅವರ ಬಾಂಡ್ ಇಟ್ಕೊಂಡಿದ್ದ ಹಲವು ಇನ್ಶೂರೆನ್ಸ್ ಕಂಪನಿಗಳು ಅಸಲನ್ನೇ ರೈಟ್ ಆಫ್ ಮಾಡ್ಬೇಕಾಯ್ತು. ಸಾಲ್ವೆನ್ಸಿ ಚೆನ್ನಾಗಿದ್ರೂ ಕೈಯಲ್ಲಿ ದುಡ್ಡಿಲ್ಲದೆ ಸಿಕ್ಕಿಬೀಳೋದೂ ಉಂಟು, 2008ರ ಸೆಪ್ಟೆಂಬರಲ್ಲಿ ಅಮೆರಿಕದ ಎಐಜಿಗೆ 8,500 ಕೋಟಿ ಡಾಲರ್ ಸಾಲ ಕೊಟ್ಟು ಉಳಿಸಿದ್ದು ನೆನಪಿರಬೇಕು, ಅಲ್ಲಿ ಬೆಂಕಿ ಹತ್ತಿದ್ದು ಮುಖ್ಯವಾಗಿ ಇನ್ಶೂರೆನ್ಸ್ ಪಾಲಿಸಿಯಿಂದಲ್ಲ, ಪಕ್ಕದಲ್ಲಿ ನಡೆಸ್ತಿದ್ದ ಕ್ರೆಡಿಟ್ ಡೀಫಾಲ್ಟ್ ಸ್ವಾಪ್ ವ್ಯವಹಾರದಿಂದ, ಅಂದ್ರೆ ಬೇರೆಯವರ ಸಾಲ ಮುಳುಗಿದ್ರೆ ನಾವು ತುಂಬಿಕೊಡ್ತೀವಿ ಅನ್ನೋ ಒಪ್ಪಂದಗಳಿಂದ.

ಈಗ ಅಪ್ಪನ ಪಾಲಿಸಿ. ಷೇರು ತಗೊಳ್ಳೋರ ಪ್ರಶ್ನೆನೂ ಪಾಲಿಸಿ ಇಟ್ಕೊಂಡಿರೋರ ಪ್ರಶ್ನೆನೂ ಬೇರೆ ಬೇರೆ. ಷೇರಿಗೆ ಕೆಟ್ಟದಾದ ಕಂಪನಿ ಪಾಲಿಸಿಗೆ ಕೆಟ್ಟದೇ ಆಗ್ಬೇಕು ಅಂತಿಲ್ಲ. ಸರ್ಕಾರಿ ಜನರಲ್ ಇನ್ಶೂರೆನ್ಸ್ ನಾಲ್ಕರಲ್ಲಿ ನ್ಯಾಷನಲ್, ಓರಿಯೆಂಟಲ್, ಯುನೈಟೆಡ್ ಇಂಡಿಯಾ ಮೂರರ ಸಾಲ್ವೆನ್ಸಿ ವರ್ಷಗಳಿಂದ 1.5ರ ಕೆಳಗೆ ಬಿದ್ದಿತ್ತು, 2019-20ರಿಂದ 2021-22ರ ಒಳಗೆ ಕೇಂದ್ರ ಸರ್ಕಾರ ಈ ಮೂರಕ್ಕೆ 17,450 ಕೋಟಿ ಸುರೀತು, ಜನರ ಕ್ಲೈಮ್ ನಡ್ಕೊಂಡೇ ಹೋಯ್ತು. ಖಾಸಗೀಲಿ ಹಂಗೆ ಹಿಂದೆ ನಿಲ್ಲೋರು ಯಾರು ಅಂತ ಪ್ರಮೋಟರ್ ನೋಡ್ಬೇಕು. ಬ್ಯಾಂಕ್ ಎಫ್‌ಡಿಗೆ ಇರೋ 5 ಲಕ್ಷದ ಡೆಪಾಸಿಟ್ ಇನ್ಶೂರೆನ್ಸ್ ಥರದ್ದು ಇಲ್ಲಿಲ್ಲ. ಆದ್ರೆ ಐಆರ್‌ಡಿಎಐ ಕೈಕಟ್ಟಿ ಕೂರಲ್ಲ, ಸಹಾರಾ ಲೈಫ್‌ಗೆ 2017ರಲ್ಲಿ ಅಡ್ಮಿನಿಸ್ಟ್ರೇಟರ್ ಹಾಕಿ, ಕೊನೆಗೆ 2023ರ ಜೂನಲ್ಲಿ ಅದರ ಪಾಲಿಸಿಗಳನ್ನೆಲ್ಲ ಎಸ್‌ಬಿಐ ಲೈಫ್‌ಗೆ ವಹಿಸ್ತು. ಆರು ವರ್ಷ ಹಿಡೀತು ಅನ್ನೋದು ಬೇರೆ ಮಾತು.

ನೀವು ಮಾಡ್ಬೇಕಾದ್ದು ಇಷ್ಟು. ಆ ಕಂಪನಿ ವೆಬ್‌ಸೈಟಲ್ಲಿ ಪಬ್ಲಿಕ್ ಡಿಸ್‌ಕ್ಲೋಷರ್ಸ್ ಅಂತ ಒಂದು ಮೂಲೆ ಇರತ್ತೆ, ಎನ್‌ಎಲ್ ಅಂತ ಶುರುವಾಗೋ ಫಾರ್ಮ್‌ಗಳು ಪ್ರತಿ ಕ್ವಾರ್ಟರ್‌ಗೂ ಅಲ್ಲಿ ಬರತ್ತೆ. ಕಳೆದ ಎಂಟು ಕ್ವಾರ್ಟರ್ ಸಾಲ್ವೆನ್ಸಿ ಬರೆದಿಟ್ಕೊಳ್ಳಿ, ಇಳೀತಾ ಇದೆಯಾ ನಿಂತಿದೆಯಾ ನೋಡಿ. ಹೆಲ್ತ್ ವಿಭಾಗದ ಇನ್‌ಕರ್ಡ್ ಕ್ಲೈಮ್ ರೇಷಿಯೋ, ಅಂದ್ರೆ ನೂರು ರೂಪಾಯಿ ಪ್ರೀಮಿಯಂಗೆ ಬರೀ ಕ್ಲೈಮ್‌ಗೆ ಹೋಗೋದು, ನೂರು ದಾಟಿ ಅಲ್ಲೇ ಕೂತಿದ್ರೆ ಪ್ರೀಮಿಯಂ ಏರಿಸೋದು ಖಂಡಿತ, ಆ ಖರ್ಚಿಗೆ ರೆಡಿ ಇರಿ. ಎಷ್ಟು ಕ್ಲೈಮ್ ತಿರಸ್ಕಾರ ಆಗಿದೆ, ಎಷ್ಟು ದಿನದಲ್ಲಿ ಕೊಟ್ಟಿದ್ದಾರೆ ಅನ್ನೋದೂ ಅಲ್ಲೇ ಇರತ್ತೆ, ನಿಮ್ಮಪ್ಪನ ಮಟ್ಟಿಗೆ ಫ್ರೀ ಕ್ಯಾಶ್ ಫ್ಲೋಗಿಂತ ಅದು ನೂರು ಪಾಲು ಉಪಯೋಗ. ಸಾಲ್ವೆನ್ಸಿ 1.5ರ ಹತ್ರ ಜಾರ್ತಾ ಇದ್ದು, ಮಾಲೀಕರು ದುಡ್ಡು ಹಾಕೋ ಲಕ್ಷಣ ಕಾಣದೇ ಇದ್ರೆ ಮಾತ್ರ ಪೋರ್ಟ್ ಮಾಡೋ, ಅಂದ್ರೆ ಪಾಲಿಸೀನ ಬೇರೆ ಕಂಪನಿಗೆ ಬದಲಾಯಿಸೋ ಯೋಚನೆ ಮಾಡಿ, ಕೆಲವು ಕಾಯಿಲೆಗೆ ಕ್ಲೈಮ್ ಸಿಗೋಕೆ ಕಾಯಬೇಕಾದ ವೇಟಿಂಗ್ ಪೀರಿಯಡ್ ಕಳೆದಿದ್ದು ಹೊಸ ಕಂಪನೀಲೂ ಲೆಕ್ಕಕ್ಕೆ ಬರತ್ತೆ. ಆದ್ರೆ ವಯಸ್ಸಾದವರಿಗೆ, ಶುಗರ್ ಬಿಪಿ ಇರೋರಿಗೆ ಹೊಸ ಕಂಪನಿ ಬೇಡ ಅನ್ನಬಹುದು, ಆ ಹಕ್ಕು ಅವರಿಗಿದೆ. ಅದಕ್ಕೇ ಅಲ್ಲಿಂದ ಒಪ್ಪಿಗೆ ಕೈಗೆ ಬರೋವರೆಗೂ ಹಳೇ ಪಾಲಿಸಿ ರಿನ್ಯೂವಲ್ ತಪ್ಪಿಸ್ಬೇಡಿ.